ಕಿತ್ತೂರಿನ ಇನ್ನೊಂದು ಕಥೆ

ನಿಗಡಿಯಿಂದ ಹುಬ್ಬಳ್ಳಿ-ಧಾರವಾಡದ ಕಡೆಗೆ ಹೊರಟ ನಾವು ಬೆಳಗಾವಿ ದಾಟಿದ ಮೇಲೆ ಕಿತ್ತೂರು ಬಂದೊಡನೆ ಮಕ್ಕಳಿಗೆ ರಾಣಿ ಚೆನ್ನಮ್ಮನ ಹೆಸರನ್ನೂ 1824ರ ಕಾಳಗವನ್ನೂ ಹೇಳುವುದುಂಟು. ಅದೇ ಊರಿನಲ್ಲಿ 1986ರ ಜುಲೈಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಹೇಳುವವರು ವಿರಳ. ನಮ್ಮ ದೇಶದ ಎಂಜಿನಿಯರರೇ ರಚಿಸಿದ, 128 ಪೋರ್ಟುಗಳ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜು ಮೊಟ್ಟಮೊದಲು ಕೆಲಸಕ್ಕೆ ತೊಡಗಿದ್ದು ಅಲ್ಲಿಯೇ.

ಇದರ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. 1948ರಲ್ಲಿ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಸ್ಥಾಪನೆಯಾಯಿತು. ಯಂತ್ರಗಳು ಇಲ್ಲಿ ತಯಾರಾದರೂ ಅವುಗಳ ವಿನ್ಯಾಸ ಪರದೇಶದ್ದು. ಮೊದಲು ಇಂಗ್ಲೆಂಡಿನ ಸ್ಟ್ರೋಜರ್, ತರುವಾಯ ಬೆಲ್ಜಿಯಂ ಕಂಪನಿಯೊಂದರ ಕ್ರಾಸ್‌ಬಾರ್. ಯುರೋಪಿನಲ್ಲಿ ಫೋನು ಒಂದು ಮನೆಯದು. ನಮ್ಮಲ್ಲಿ ಒಂದು ಫೋನಿಗೆ ಇಡೀ ಓಣಿಯೇ ಹಕ್ಕುದಾರ! ಅಷ್ಟು ಕರೆಗಳ ಹೊರೆಯನ್ನು ಕ್ರಾಸ್‌ಬಾರ್ ತಾಳಲಿಲ್ಲ. ನಮ್ಮ ಎಂಜಿನಿಯರರೇ ಅದನ್ನು ತಿದ್ದಬೇಕಾಯಿತು.

1984ರ ಆಗಸ್ಟಿನಲ್ಲಿ ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ ಸಿ-ಡಾಟ್ ಸಂಸ್ಥೆ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ ಎಂಬುದು ಅದರ ಸಂಕಲ್ಪ. ಧೂಳು-ಸೆಕೆಗಳ ನಡುವೆ, ಹವಾನಿಯಂತ್ರಿತ ಕೊಠಡಿಯಿಲ್ಲದೆ ನಡೆಯುವಂತೆ ಗ್ರಾಮೀಣ ಎಕ್ಸ್‌ಚೇಂಜನ್ನು ರಚಿಸಿದರು. ವಿನ್ಯಾಸವನ್ನು ಒಬ್ಬನೇ ತಯಾರಕನ ಕೈಗೆ ಕೊಡದೆ ಅನೇಕ ಕಾರ್ಖಾನೆಗಳಿಗೆ ಲೈಸೆನ್ಸಿನ ಮೇಲೆ ಹಂಚಿದರು.

ಎಲ್ಲವೂ ಸಲೀಸಾಗಿ ನಡೆಯಿತೆಂದು ಭಾವಿಸಬಾರದು. ಪಟ್ಟಣಗಳಿಗೆ ಬೇಕಾದ ದೊಡ್ಡ ಎಕ್ಸ್‌ಚೇಂಜು 36 ತಿಂಗಳಲ್ಲಿ ಮುಗಿಯಲಿಲ್ಲ, ಟೀಕೆಯೂ ಬಂದಿತು. ಐ.ಟಿ.ಐ.ನ ಮನಕಾಪುರ ಕಾರ್ಖಾನೆಯಲ್ಲಿ ಫ್ರೆಂಚ್ ತಂತ್ರದ ಇ-10ಬಿ ಯಂತ್ರಗಳು ತಯಾರಾಗುತ್ತಲೇ ಇದ್ದವು. ದೇಶಕ್ಕೆ ಎರಡೂ ಬೇಕಾದವು.

ಈ ಹಳೆಯ ಮಾತು ಈಗೇಕೆ? ನಾನು ಬ್ಯಾಂಕಿನ ಗುಮಾಸ್ತ. ಶಾಖೆಯ ಮೂಲೆಯಲ್ಲಿ ಮಿಣುಕುವ ರೂಟರು ನಿಂತರೆ ಪಾಸ್‌ಬುಕ್ಕಿನ ಮುದ್ರಣವೂ ನಿಲ್ಲುತ್ತದೆ. ಜಾಲದಲ್ಲಿ ಹರಿಯುವ ಸಂದೇಶಗಳಿಗೆ ದಾರಿ ತೋರಿಸುವ ಯಂತ್ರವದು. ಬಹುಕಾಲ ಇಂಥ ಯಂತ್ರಗಳ ಪೆಟ್ಟಿಗೆಯೂ ಒಳಗಿನ ತಂತ್ರಾಂಶವೂ ಸಿಸ್ಕೊ, ಜೂನಿಪರ್‌ನಂಥ ಒಂದೇ ಕಂಪನಿಯಿಂದ ಬರುತ್ತಿದ್ದವು. 2016ರಲ್ಲಿ ಮೈಕ್ರೊಸಾಫ್ಟ್ ತನ್ನ ಜಾಲಯಂತ್ರಗಳ ಸೋನಿಕ್ ತಂತ್ರಾಂಶವನ್ನು ಎಲ್ಲರಿಗೂ ತೆರೆದಿಟ್ಟಿತು. 2018ರಲ್ಲಿ ಅಮೆರಿಕದ ಎಟಿ ಅಂಡ್ ಟಿ, ತೆರೆದ ತಂತ್ರಾಂಶದಿಂದ ನಡೆಯುವ 60,000 ರೂಟರುಗಳನ್ನು ಮೊಬೈಲ್ ಗೋಪುರಗಳ ಬಳಿ ಇಡುವ ಯೋಜನೆಯನ್ನು ಸಾರಿತು. ಸಿ-ಡಾಟ್ ವಿನ್ಯಾಸ ಹೀಗೆ ಎಲ್ಲರಿಗೂ ಮುಕ್ತವಾಗಿರಲಿಲ್ಲ, ನಿಜ. ಆದರೆ ಒಬ್ಬನೇ ಮಾರಾಟಗಾರನಿಗೆ ಕಟ್ಟುಬೀಳಬಾರದೆಂಬ ವಿಚಾರ ಎರಡಕ್ಕೂ ಸಮಾನ.

ಲೆಕ್ಕದ ಪುಸ್ತಕಕ್ಕೆ ಎರಡು ಬದಿಗಳಿರುತ್ತವೆ. ಸ್ವಂತ ರೂಟರಿನಲ್ಲಿ ಖರೀದಿಯ ಹಣ ಉಳಿಯಬಹುದು. ಅದನ್ನು ಬಲ್ಲವರ ಸಂಬಳ ಖರ್ಚಿಗೆ ಬೀಳುತ್ತದೆ. ನಡುರಾತ್ರಿ ಜಾಲ ಕೆಟ್ಟರೆ ದೊಡ್ಡ ಕಂಪನಿಯ ಬಾಗಿಲು ಬಡಿಯಬಹುದು; ಸ್ವಂತದ್ದು ಕೆಟ್ಟರೆ ನಾವೇ ಏಳಬೇಕು. ಆದುದರಿಂದ ಬಲ್ಲ ಕೈಗಳಿಲ್ಲದ ಸಣ್ಣ ಸಂಸ್ಥೆ ಕಂಪನಿಯ ಯಂತ್ರವನ್ನೇ ಕೊಂಡರೆ ಅದು ಹೇಡಿತನವಲ್ಲ.

ಆದರೆ ದೇಶದಷ್ಟು ದೊಡ್ಡ ಜಾಲಕ್ಕೆ ಬಲ್ಲ ಕೈಗಳನ್ನು ಬೆಳೆಸುವುದೇ ನಿಜವಾದ ಆಸ್ತಿ. ಕಿತ್ತೂರಿನ ಆ ಪೆಟ್ಟಿಗೆಯ ಕಾಲ ಮುಗಿಯಿತು; ಅದನ್ನು ಕಟ್ಟುತ್ತ ಕಲಿತ ವಿದ್ಯೆ ಕಲಿತವರಲ್ಲಿ ಉಳಿಯಿತು. ನಮ್ಮ ಮನೆಗಳಿಂದ ಹಿಂಜವಡಿಯ ಕಚೇರಿಗಳಿಗೆ ಹೋಗುವ ಮಕ್ಕಳು ಪರರ ಯಂತ್ರವನ್ನು ನಡೆಸುವುದರ ಜೊತೆಗೆ ಅದರ ಒಳಗನ್ನೂ ಅರಿಯಲಿ. ಮುಂದಿನ ಸಲ ಕಿತ್ತೂರು ಬಂದಾಗ, ಚೆನ್ನಮ್ಮನ ಕಥೆ ಮುಗಿದ ಮೇಲೆ, ಅವರಿಗೆ ಈ ಕಥೆಯನ್ನೂ ಹೇಳೋಣ.