ದಾಬ್ಸ್ ಸಾಹೇಬರ ತುಮಕೂರು, ಚಂದಣ್ಣನವರ ಗುಬ್ಬಿ

ಮಾದಾವರದಿಂದ ಮೆಟ್ರೊ ತುಮಕೂರಿಗೂ ಬರುತ್ತದಂತೆ ಎಂಬ ಸುದ್ದಿ ಹಬ್ಬಿದಾಗಿನಿಂದ ಊರಿನಲ್ಲಿ ಸೈಟುಗಳ ದರದ ಜೊತೆಗೆ ಒಂದು ಮಾತೂ ಮೇಲೆದ್ದಿದೆ: 'ಇನ್ನೇನು ಬಿಡಿ, ನಮ್ಮದೂ ಬೆಂಗಳೂರೇ.' ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಟ್ಟರೆ ಹೇಗೆ ಎಂಬ ಚರ್ಚೆಯೂ ಆಗಿಹೋಯಿತು. ಇಂಗ್ಲಿಷಿನ 'ಟುಮ್ಕೂರ್' ಕಳೆದು ಸರ್ಕಾರಿ ಕಾಗದದಲ್ಲಿ ತುಮಕೂರು ಎನಿಸಿಕೊಂಡದ್ದೇ 2014ರಲ್ಲಿ. ಅಷ್ಟರಲ್ಲೇ ಮತ್ತೊಂದು ನಾಮಕರಣದ ಆತುರ!

ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಹೊರಗಿನಿಂದ ಬಂದವರು. ವಸಂತನರಸಾಪುರದ ಕಾರ್ಖಾನೆಗೋ, ಬಿದರೆಹಳ್ಳ ಕಾವಲಿನ ಎಚ್‌ಎಎಲ್‌ಗೋ, ಕಾಲೇಜಿನ ಪಾಠಕ್ಕೋ ಬಂದು ಇಲ್ಲೇ ಮನೆ ಮಾಡಿದವರು. ಬೆಂಗಳೂರು ರಾಜಧಾನಿ, ತುಮಕೂರು ಅದರ ಹೆಬ್ಬಾಗಿಲು ಎಂದಷ್ಟೇ ಕೇಳಿದವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಈ ಊರು ಒಂದು ಕಾಲಕ್ಕೆ ತಾನೇ ಒಂದು ಪುಟ್ಟ ರಾಜಧಾನಿಯಾಗಿತ್ತು.

ನಗರ ಸೀಮೆಯ ರೈತ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಫೌಜುದಾರಿ ಎಂಬ ಹಳೆಯ ಆಡಳಿತ ಘಟಕಗಳನ್ನು ಕೂಡಿಸಿ ಬೆಂಗಳೂರು, ಅಷ್ಟಗ್ರಾಮ, ನಗರ, ಚಿತ್ರದುರ್ಗ ಎಂದು ನಾಲ್ಕು ವಿಭಾಗ ಮಾಡಿ ಒಂದೊಂದಕ್ಕೂ ಒಬ್ಬ ಸೂಪರಿಂಟೆಂಡೆಂಟನನ್ನು ಕೂರಿಸಿದರು. ಚಿತ್ರದುರ್ಗ ವಿಭಾಗದ ಹೆಸರು ಕೋಟೆಯದು, ಕಚೇರಿ ಮಾತ್ರ ತುಮಕೂರಿನದು. ಚಿತ್ರದುರ್ಗದ ಕಡೆಯ ರೈತನ ಕಂದಾಯದ ತಕರಾರು, ಜಮೀನಿನ ವ್ಯಾಜ್ಯ ಮೇಲಕ್ಕೆ ಹೋಗಬೇಕಾದರೆ ಈ ಊರಿನ ಮೆಟ್ಟಿಲನ್ನೇ ಹತ್ತಬೇಕಿತ್ತು. ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಕಚೇರಿಗಳ ವ್ಯವಹಾರ ನಡೆಯುತ್ತಿದ್ದದ್ದು ಕನ್ನಡ ಮತ್ತು ಮರಾಠಿಯಲ್ಲಿ. ಇಂದು ಬ್ಯಾಂಕಿನ ಚಲನ್ನಿಗೂ ಕನ್ನಡ ಬೇಕೆಂದು ಅರ್ಜಿ ಕೊಡುವ ನಾವು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ತುಮಕೂರಿನ ಸೂಪರಿಂಟೆಂಡೆಂಟ್ ಕುರ್ಚಿಯಲ್ಲಿ ಬಹುಕಾಲ ಕೂತವರು ರಿಚರ್ಡ್ ಸ್ಟೂವರ್ಟ್ ದಾಬ್ಸ್. ಕೆಲಸ ಮುಗಿಸಿ ಸ್ವದೇಶಕ್ಕೆ ಮರಳಿದ ಮೇಲೆ 1882ರಲ್ಲಿ ತಮ್ಮ ಮೈಸೂರಿನ ದಿನಗಳ ನೆನಪುಗಳನ್ನೂ ಅಚ್ಚು ಹಾಕಿಸಿದರು. ತುಮಕೂರಿನಲ್ಲಿ ಅವರ ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ. ಆದರೆ ಬೆಂಗಳೂರಿನ ಬಸ್ಸಿನಲ್ಲಿ ಶಿವಗಂಗೆ ಬೆಟ್ಟ ಕಾಣುವ ಹೊತ್ತಿಗೆ ಕಂಡಕ್ಟರು 'ದಾಬಸ್‌ಪೇಟೆ, ದಾಬಸ್‌ಪೇಟೆ' ಎಂದು ಕೂಗುತ್ತಾನಲ್ಲ, ಅದು ಇವರ ಹೆಸರಿನ ಪೇಟೆ. ದಿನಾ ಆ ಹೆಸರು ಕೇಳಿಕೊಂಡೇ ಶಿಫ್ಟಿಗೆ ಹೋಗುವವರು ನಮ್ಮ ಸಂಘದಲ್ಲೇ ಇದ್ದಾರೆ.

ಕಬ್ಬನ್ 1861ರಲ್ಲಿ ಹೊರಟುಹೋದರು. ಅವರ ನಂತರದ ಕಮಿಷನರ್ ಬೌರಿಂಗ್ ಬಂದು ವಿಭಾಗಗಳನ್ನು ಮತ್ತೆ ಕಲಸಿದರು. ತುಮಕೂರು ಜಿಲ್ಲಾ ಕೇಂದ್ರವಾಗಿ ನಂದಿದುರ್ಗ ವಿಭಾಗಕ್ಕೆ ಸೇರಿತು. ಕಾಗದದ ಮೇಲಿನ ರಾಜಧಾನಿತನ ಅಲ್ಲಿಗೆ ಮುಗಿಯಿತು. ಊರಿಗೆ ಮರ್ಯಾದೆ ತಂದದ್ದು ಅದೊಂದೇ ಅಲ್ಲ ಬಿಡಿ, ಇನ್ನೊಂದು ದಾರಿಯಿಂದಲೂ ಬಂತು. ಅದು ಗುಬ್ಬಿಯ ದಾರಿ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಓಡಾಡುವವರಿಗೆ ಅದು ಗುಬ್ಬಿಯನ್ನು ಹಾದುಹೋಗುವ ಬೆಂಗಳೂರು–ಹೊನ್ನಾವರ ರಸ್ತೆ ಎಂಬುದು ಮರೆತೇಹೋಗಿದೆ. ಮಲೆನಾಡಿನ ಅಡಿಕೆ ಘಟ್ಟದ ಸೀಮೆಯಿಂದ ಬಯಲಿಗಿಳಿದು, ಆರ್ಕಾಟಿನ ಕಡೆಯ ವಾಲಾಜಾಪೇಟೆಗೆ ಹೋಗುವ ಮುನ್ನ ಗುಬ್ಬಿಯಲ್ಲಿ ಕೈ ಬದಲಾಗುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ ಗುಬ್ಬಿಯ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ವೆಸ್ಲಿಯನ್ ಮಿಷನ್ನಿನವರು 1837ರಲ್ಲಿ ತಮ್ಮ ಕನ್ನಡ ಕೆಲಸಕ್ಕೆ ಆರಿಸಿಕೊಂಡದ್ದೂ ಈ ಊರನ್ನೇ. 1839ರಲ್ಲಿ ಬಂದ ವಿಲಿಯಂ ಆರ್ಥರ್ ಎಂಬ ತರುಣ ಪಾದ್ರಿ ಇಲ್ಲಿ ಕನ್ನಡ ಕಲಿತ, ಜನರೊಡನೆ ವಾದಕ್ಕಿಳಿದ, ಆರೋಗ್ಯ ಕೆಟ್ಟು ಬೇಗ ಹಿಂದಿರುಗಿದ. 1847ರಲ್ಲಿ ಬಂದ ಅವನ ಪುಸ್ತಕದಲ್ಲಿ ಗುಬ್ಬಿಯ ಬೀದಿಗಳು ಸಿಗುತ್ತವೆ. ಪಾದ್ರಿಗಳಿಗೂ ಮುನ್ನೂರು ವರ್ಷ ಹಿಂದೆಯೇ ಗುಬ್ಬಿಯ ಮಲ್ಲಣಾರ್ಯ 'ಭಾವಚಿಂತಾರತ್ನ', 'ವೀರಶೈವಾಮೃತ ಪುರಾಣ' ಬರೆದಿದ್ದ. ಅಕ್ಷರ ಈ ಊರಿಗೆ ಹೊಸದಾಗಿರಲಿಲ್ಲ.

ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಅದೇ ವರ್ಷ ಗುಬ್ಬಿಯಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದ ಗೆಳೆಯರು ಸೇರಿ ನಾಟಕದ ಕಂಪನಿ ಕಟ್ಟಿದರು. ಕಂಪನಿಗೆ ಊರ ದೇವರು ಚನ್ನಬಸವೇಶ್ವರನ ಹೆಸರು, ಕಟ್ಟಿದವರಲ್ಲಿ ಒಬ್ಬರು ಸಾಬರು. ಅಂದಿನವರು ಇದನ್ನು ಯಾವ ಸೌಹಾರ್ದದ ಭಾಷಣಕ್ಕೂ ವಸ್ತು ಮಾಡಿಕೊಂಡಂತಿಲ್ಲ. ನಾಟಕ ಚೆನ್ನಾಗಿ ಆಗಬೇಕಿತ್ತು, ಅಷ್ಟೇ.

1891ರಲ್ಲಿ ಹುಟ್ಟಿದ ವೀರಣ್ಣ ಚಿಕ್ಕ ಹುಡುಗನಾಗಿ ಈ ಕಂಪನಿ ಸೇರಿ, ಮುಂದೆ ಅದರ ಯಜಮಾನರಾದರು. ಯಜಮಾನ ಅಂದರೆ ಗಲ್ಲಾಪೆಟ್ಟಿಗೆ ಕಾಯುವ ಯಜಮಾನ ಅಲ್ಲ. ಹಾಸ್ಯದ ಪಾತ್ರ ಕಟ್ಟಿಕೊಂಡು ತಾನೇ ರಂಗಕ್ಕೆ ಬರುವ ಯಜಮಾನ. 1934ರಲ್ಲಿ ಬೆಂಗಳೂರಿನಲ್ಲಿ 'ಕುರುಕ್ಷೇತ್ರ' ಆಡಿದಾಗ ಆನೆ ಕುದುರೆಗಳನ್ನು ನಿಜಕ್ಕೂ ರಂಗದ ಮೇಲೆ ತಂದರು. ಬಿ. ಜಯಮ್ಮನಂಥ ನಟಿ, ಮುಂದೆ ಸಿನಿಮಾಕ್ಕೆ ಹೋದ ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕನಾಗಿ ಓಡಿಬಂದು ಸೇರಿದ ಬಿ.ವಿ. ಕಾರಂತ, ಎಲ್ಲರೂ ಈ ಕಂಪನಿಯ ಅನ್ನ ಉಂಡವರೇ. ಬೆಂಗಳೂರಿನ ಸಾಂಸ್ಕೃತಿಕ ಚರಿತ್ರೆ ಬರೆಯುವವರು ಆನೆಯನ್ನು ನೆನೆಯುತ್ತಾರೆ, ಆನೆ ಕರೆತಂದ ಗುಬ್ಬಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ಅದಕ್ಕಿಂತ ಹೆಚ್ಚು ಮರೆವಿಗೆ ಸಂದವರು ಬೆಳ್ಳಾವೆ ನರಹರಿ ಶಾಸ್ತ್ರಿ. ತುಮಕೂರು ತಾಲ್ಲೂಕಿನ ಬೆಳ್ಳಾವಿಯವರು. ಗುಬ್ಬಿ ಕಂಪನಿಗೆ ನಾಟಕ ಬರೆದುಕೊಟ್ಟವರು. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಮಾತು, ಹಾಡು ಬರೆದವರೂ ಅವರೇ. ಕನ್ನಡ ಸಿನಿಮಾ ಬಾಯಿ ಬಿಟ್ಟು ಆಡಿದ ಮೊದಲ ಮಾತು ಬೆಳ್ಳಾವಿಯವರ ಲೇಖನಿಯದು ಎಂದು ಆ ಊರಿನ ಶಾಲೆಯ ಮಕ್ಕಳಿಗಾದರೂ ಯಾರಾದರೂ ಹೇಳಬಾರದೇ?

ಮರೆವು ರಂಗಭೂಮಿಯವರಿಗಷ್ಟೇ ಮೀಸಲಲ್ಲ. ಕುಣಿಗಲ್ ಕಡೆ ಹೋಗುವಾಗ ಗೂಳೂರಿನ ಗಣಪನಿಗೆ ಕೈಮುಗಿಯುವವರು ಹತ್ತಿರದ ಕೈದಾಳಕ್ಕೂ ಹೋಗಿಬನ್ನಿ. ಶಿಲ್ಪಿ ಜಕಣಾಚಾರಿಯ ಕಡಿದ ಕೈ ಇಲ್ಲಿ ಮತ್ತೆ ಚಿಗುರಿದ ಕಥೆ ಎಲ್ಲರಿಗೂ ಗೊತ್ತು. ಶಾಸನ ಹೇಳುವುದು ಬೇರೆ: ಹೊಯ್ಸಳ ನರಸಿಂಹನ ಸಾಮಂತ ಬಾಚಿ 1150ರ ಸುಮಾರಿಗೆ ಇಲ್ಲಿ ಕೇಶವನಿಗೂ ಶಿವನಿಗೂ ಗುಡಿ ಕಟ್ಟಿಸಿ, ಹೆಂಡತಿ ಭೀಮಲೆಯ ಹೆಸರಿನಲ್ಲಿ ಬಸದಿಯನ್ನೂ ಎತ್ತಿಸಿದ. ನನಗೆ ಈ ಕಥೆಯೇ ಹೆಚ್ಚು ಇಷ್ಟ. ಕುಣಿಗಲ್ಲಿನಲ್ಲಿ ಕೆರೆಯ ಹಾಡನ್ನು ಎಲ್ಲರೂ ಗುನುಗುತ್ತಾರೆ. ಟಿಪ್ಪುವಿನ ಕಾಲದ ಕುದುರೆ ಫಾರಂ ಇಂದು ಟೌನ್‌ಶಿಪ್ಪಿನ ನಕ್ಷೆಗಳ ನಡುವೆ ಉಸಿರು ಹಿಡಿದು ಕೂತಿದೆ. ಸಿದ್ಧಗಂಗೆಯ ಬಗ್ಗೆ ಇಲ್ಲಿ ಬರೆದಿಲ್ಲ, ಅದನ್ನು ಯಾರೂ ಮರೆತಿಲ್ಲ.

ಕೊನೆಗೊಂದು ಕೋರಿಕೆ. ಗುಬ್ಬಿ, ಬೆಳ್ಳಾವಿ, ನಿಟ್ಟೂರು ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಕಂಪನಿ ನಾಟಕದ ಹ್ಯಾಂಡ್‌ಬಿಲ್ಲು, ಟಿಕೆಟ್ಟು, ಹಾಡಿನ ಪುಸ್ತಕ ಇರಬಹುದು. ಮನೆ ಕೆಡವಿ ಕಟ್ಟುವಾಗ ಅವನ್ನು ರದ್ದಿಗೆ ಹಾಕಬೇಡಿ. ರಾಜ್ಯೋತ್ಸವದ ಹೊತ್ತಿಗೆ ಸಂಘಕ್ಕೆ ತಂದುಕೊಡಿ, ಫೋಟೊ ತೆಗೆದು ನಿಮ್ಮದನ್ನು ನಿಮಗೇ ಹಿಂದಿರುಗಿಸುತ್ತೇವೆ.