ವ್ಯೋಮರಥಗಳ ವಿಶ್ರಾಂತಿ: ಒಂದು ಕಾರಣವಿಚಾರ

ಆಲೂರು ಸಕಲೇಶಪುರಗಳ ಮಲೆಸಾಲಿಗೆ ಮೂಡಣದಲ್ಲಿ, ಹಾಸನ ಪಟ್ಟಣದ ಸಾಲಗಾಮೆ ರಸ್ತೆಯಲ್ಲಿ, ಜನರು ಎಂ.ಸಿ.ಎಫ್. ಎಂದು ಕರೆಯುವ ಉಪಗ್ರಹ ನಿಯಂತ್ರಣ ಕೇಂದ್ರವುಂಟು. 1983ನೆಯ ಆಗಸ್ಟ್ ತಿಂಗಳ ಕೊನೆಯಲ್ಲಿ ಅಮೆರಿಕದ ಚಾಲೆಂಜರ್ ಎಂಬ ವ್ಯೋಮರಥವು ಇನ್ಸಾಟ್-1ಬಿ ಉಪಗ್ರಹವನ್ನು ತನ್ನೊಡಲಿನಿಂದ ಹೊರಬಿಟ್ಟಿತು. ಅದರ ಪಾಲನೆ ಈ ಕೇಂದ್ರಕ್ಕೆ ಬಂದಿತು. ಆಗ ನಾನು ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಉರುಹೊಡೆಯುತ್ತಿದ್ದ ಬಾಲಕ. ಆ ಪಾಠವೇ ಈಗ ಪ್ರಯೋಜನಕ್ಕೆ ಬಂದಿದೆ.

ಸ್ಪೇಸ್ ಷಟಲ್ ಎಂದು ಪ್ರಸಿದ್ಧವಾದ ಈ ರಥಗಳು ಐದು. 1981ರಿಂದ 2011ರವರೆಗೆ 135 ಸಲ ಹಾರಿದುವು. ಚಾಲೆಂಜರ್ 1986ರಲ್ಲಿಯೂ ಕೊಲಂಬಿಯಾ 2003ರಲ್ಲಿಯೂ ಆರೋಹಿಗಳೊಡನೆ ನಾಶವಾದುವು. ಉಳಿದ ಮೂರು ಹಾರುವ ಸ್ಥಿತಿಯಲ್ಲಿದ್ದಾಗಲೇ ಪ್ರದರ್ಶನಶಾಲೆಗಳನ್ನು ಸೇರಿದುದೇಕೆ?

ಮುಪ್ಪೇ ಕಾರಣವೆಂಬುದು ಸದ್ಧೇತುವಲ್ಲ. ವರ್ಷಗಳ ಲೆಕ್ಕದಲ್ಲಿ ಅವು ಹಳತಾಗಿದ್ದುದು ದಿಟ. ಆದರೆ ಒಂದೊಂದನ್ನೂ 100 ಯಾನಗಳಿಗೆಂದು ಕಲ್ಪಿಸಿದ್ದರು, ಎಲ್ಲಕ್ಕಿಂತ ಹೆಚ್ಚು ಹಾರಿದ ಡಿಸ್ಕವರಿಯ ಯಾನಗಳು 39 ಮಾತ್ರ. ವೆಚ್ಚವೇ ಕಾರಣವೆಂಬ ಮಾತು ಸತ್ಯಕ್ಕೆ ಸಮೀಪ, ಆದರೆ ಸಾಲದು. 2011ರಲ್ಲಿ ಹಣದ ರಾಶಿಯನ್ನೇ ಸುರಿದಿದ್ದರೂ ಮರುವರ್ಷ ನಿಯಮದಂತೆ ಹಾರಿಸುವುದು ಆಗುತ್ತಿರಲಿಲ್ಲ.

ನೈಯಾಯಿಕರ ಮತದಲ್ಲಿ ಕುಂಬಾರನು ಘಟಕ್ಕೆ ನಿಮಿತ್ತಕಾರಣ. ಅವನು ಅಳಿದರೂ ಘಟವು ಉಳಿಯುತ್ತದೆ. ಪ್ರಶ್ನೆ ಕೇಳುವವರು ವ್ಯೋಮರಥವನ್ನೂ ಇಂತಹ ಘಟವೆಂದೇ ಭಾವಿಸುತ್ತಾರೆ, ದೋಷವಿರುವುದು ಇಲ್ಲಿಯೇ. ಇಲ್ಲಿ ಕಾರ್ಯವೆಂಬುದು ರಥವಲ್ಲ, ಯಾನ. ಅದು ಪ್ರತಿಸಲವೂ ಹೊಸದಾಗಿ ಹುಟ್ಟಬೇಕು. ರಥದ ಹೊಟ್ಟೆಗೆ ಅಂಟಿಕೊಂಡಿದ್ದ ಕಿತ್ತಳೆ ಬಣ್ಣದ ಇಂಧನದ ತೊಟ್ಟಿಯನ್ನು ನೋಡಿರಿ: ಎತ್ತರ ಸುಮಾರು 47 ಮೀಟರ್, ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 20 ಲಕ್ಷ ಲೀಟರಿನಷ್ಟು ಅತಿಶೀತಲವಾದ ದ್ರವ ಜಲಜನಕ, ದ್ರವ ಆಮ್ಲಜನಕ. ಏರತೊಡಗಿ ಒಂಬತ್ತು ನಿಮಿಷ ತುಂಬುವುದರೊಳಗೆ ಅದನ್ನು ಕಳಚಿಬಿಡುತ್ತಿದ್ದರು. ಅದು ಚೂರಾಗಿ ಸಮುದ್ರದ ಪಾಲಾಗುತ್ತಿತ್ತು. ಯಾನಕ್ಕೊಂದು ಹೊಸ ತೊಟ್ಟಿ ಬೇಕು. ರಥದ ಮೈಮೇಲಿನ ಸುಮಾರು 24,000 ತಾಪನಿರೋಧಕ ಬಿಲ್ಲೆಗಳಾದರೋ ಪ್ರತಿಯಾನದ ತರುವಾಯವೂ ಪರೀಕ್ಷೆಗೊಳಗಾಗಬೇಕು. 2004ನೆಯ ಜನವರಿಯಲ್ಲಿ ವಿರಮಣದ ನಿರ್ಧಾರ ಪ್ರಕಟವಾದ ಮೇಲೆ ಬಿಡಿಭಾಗಗಳ ಪೂರೈಕೆ ಒಂದೊಂದಾಗಿ ನಿಂತಿತು. ನ್ಯೂ ಆರ್ಲಿಯನ್ಸ್ ನಗರದ ಮಿಶೂ ಕಾರ್ಖಾನೆಯಿಂದ ಕೊನೆಯ ತೊಟ್ಟಿ ಹೊರಬಿದ್ದುದು 2010ರಲ್ಲಿ, ಕುಶಲಕರ್ಮಿಗಳು ಚದರಿಹೋದರು. ಕುಂಬಾರನೂ ಇಲ್ಲ, ಮಣ್ಣೂ ಇಲ್ಲ.

ನಮ್ಮ ಘಟ್ಟದ ರೈಲುದಾರಿಯನ್ನು ಕೆಲವರು ಇದಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಆಲೂರು ಸಕಲೇಶಪುರಗಳನ್ನು ಹಾದು ಸುಬ್ರಹ್ಮಣ್ಯದತ್ತ ಇಳಿಯುವ ಮೀಟರ್ ಗೇಜ್ ದಾರಿ 1996ರಲ್ಲಿ ನಿಂತಿತು. ಹಳಿಗಳ ನಡುವಣ ಅಂತರ 1,000 ಮಿಲಿಮೀಟರಿನಿಂದ 1,676ಕ್ಕೆ ಹಿಗ್ಗಿದ ಮೇಲೆ, ಎಂಜಿನ್ನು ಎಷ್ಟೇ ಗಟ್ಟಿಯಾಗಿದ್ದರೂ ಓಡುವುದೆಲ್ಲಿ? ದೃಷ್ಟಾಂತವು ಅರ್ಧ ಮಾತ್ರ ಒಪ್ಪುತ್ತದೆ. ಅಲ್ಲಿ ಹೋದದ್ದು ದಾರಿ. ಆಕಾಶದ ದಾರಿಯಾದರೋ ಇದ್ದಂತೆಯೇ ಇದೆ.

ಹಾಗಾದರೆ ಕಾರ್ಖಾನೆಯನ್ನು ಮುಚ್ಚದೆ ಇರಬಹುದಿತ್ತಲ್ಲ, ಎಂಬ ಪೂರ್ವಪಕ್ಷ ಉಳಿಯುತ್ತದೆ. ಕೊಲಂಬಿಯಾದ ದುರಂತವನ್ನು ವಿಚಾರಿಸಿದ ಮಂಡಳಿಯು, 2010ರ ಬಳಿಕ ಹಾರಿಸುವುದಾದರೆ ರಥದ ಸಮಸ್ತ ಅಂಗಗಳ ಯೋಗ್ಯತೆಯನ್ನೂ ಹೊಸದಾಗಿ ಪ್ರಮಾಣೀಕರಿಸಬೇಕೆಂದು 2003ರಲ್ಲಿಯೇ ವಿಧಿಸಿತ್ತು. ಆ ಶ್ರಮವನ್ನು ವಹಿಸುವ ಬದಲು, ಅಂತರಿಕ್ಷ ನಿಲ್ದಾಣದ ನಿರ್ಮಾಣವನ್ನು ಮುಗಿಸಿ ನಿಲ್ಲಿಸುವುದನ್ನು ಆಳುವವರು ಆರಿಸಿಕೊಂಡರು. 2011ನೆಯ ಜುಲೈ 21ರಂದು ಅಟ್ಲಾಂಟಿಸ್ ಕೊನೆಯದಾಗಿ ನೆಲಕ್ಕಿಳಿಯಿತು.