ಕಂಕನಾಡಿಯ ಬಿಳಿ ಗುಳಿಗೆಗಳು

ನಮ್ಮ ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಯಾವಾಗಲೂ ನಾಲ್ಕೈದು ಪುಟ್ಟ ಗಾಜಿನ ಶೀಶೆಗಳಿರುತ್ತಿದ್ದವು. ಒಳಗೆ ಸಾಸಿವೆಗಿಂತ ತುಸು ದಪ್ಪದ ಬಿಳಿ ಗುಳಿಗೆಗಳು. ಜ್ವರಕ್ಕೊಂದು, ಹೊಟ್ಟೆನೋವಿಗೊಂದು, ಮಕ್ಕಳು ರಾತ್ರಿ ಹೆದರಿ ಅತ್ತರೆ ಇನ್ನೊಂದು. ಎಲ್ಲದಕ್ಕೂ ಒಂದೇ ಹೆಸರು: ಕಂಕನಾಡಿ ಮದ್ದು. ನಾನಂತೂ ಕಾಯಿಲೆ ಇಲ್ಲದಿದ್ದಾಗಲೂ ಕದ್ದು ತಿನ್ನುತ್ತಿದ್ದೆ. ಸಿಹಿ ಅಲ್ವಾ :)

ಆ ಮದ್ದಿನ ಹಿಂದಿದ್ದ ಮನುಷ್ಯನ ಬಗ್ಗೆ ನಾನು ಓದಿದ್ದು ತೀರಾ ಇತ್ತೀಚೆಗೆ. ಆಗಸ್ಟಸ್ ಮುಲ್ಲರ್. 1841ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಹುಟ್ಟಿದವರು, ಯೇಸುಸಭೆಯ ಪಾದ್ರಿ. 1878ರ ಡಿಸೆಂಬರ್ 31ರಂದು, ಅಂದರೆ ವರ್ಷದ ಕೊನೆಯ ದಿನ, ಮಂಗಳೂರಿಗೆ ಬಂದಿಳಿದ ಮೊದಲ ಜೆಸ್ವಿಟ್ ತಂಡದಲ್ಲಿ ಇವರೂ ಒಬ್ಬರು. ಅದೇ ತಂಡದವರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರು. ಮುಲ್ಲರ್ ಆ ವರ್ಷವೇ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧದ ಪೆಟ್ಟಿಗೆ ತೆರೆದು ಕೂತರು. ಕೂತದ್ದು ಒಂದು ಆಲದ ಮರದ ಕೆಳಗೆ ಅಂತ ಇವತ್ತಿಗೂ ಮಂಗಳೂರಿನವರು ಹೇಳುತ್ತಾರೆ.

ಈಗ ಒಂದು ತಕರಾರು ಇಲ್ಲೇ ಹೇಳಿಬಿಡ್ತೀನಿ. ಹೋಮಿಯೋಪತಿಯಲ್ಲಿ ನನಗೆ ನಂಬಿಕೆ ಇಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಸರಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ ಸಿಕ್ಕ ಅಧ್ಯಯನಗಳನ್ನೆಲ್ಲ ಜಾಲಾಡಿ, ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಭರವಸೆಯ ಪುರಾವೆ ಯಾವ ಕಾಯಿಲೆಯಲ್ಲೂ ಇಲ್ಲ ಅಂದಿತು. ಅಜ್ಜಿ ಬದುಕಿದ್ದರೆ ಈ ವಾಕ್ಯಕ್ಕೆ ನನ್ನ ಕಿವಿ ಹಿಂಡುತ್ತಿದ್ದಳು. ಹಾಗಾದರೆ ಮುಲ್ಲರ್ ಕಥೆ ಸಕ್ಕರೆ ಗುಳಿಗೆ ಹಂಚಿದ ಪಾದ್ರಿಯ ಕಥೆ ಅಷ್ಟೇನಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. 1890ರ ವಿಷಯ ಓದುವ ತನಕ.

ಆ ವರ್ಷ ಅವರು ಕುಷ್ಠರೋಗಿಗಳಿಗೆ ಒಂದು ಆಶ್ರಯ ಕಟ್ಟಿದರು. ಕಾಲ ಯಾವುದು ನೋಡಿ. ನಾರ್ವೆಯ ಹ್ಯಾನ್ಸನ್ 1873ರಲ್ಲೇ ಈ ರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದಿದ್ದ, ನಿಜ. ಆದರೆ ಅದನ್ನು ಕೊಲ್ಲುವ ಔಷಧ ಬಂದದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ಜಗತ್ತಿನ ಯಾವ ದೊಡ್ಡ ಡಾಕ್ಟರ ಹತ್ತಿರವೂ ಗರುಡಫಲದ ಎಣ್ಣೆಯಂಥದ್ದು ಬಿಟ್ಟರೆ ಹೇಳಿಕೊಳ್ಳುವಂಥ ಮದ್ದಿರಲಿಲ್ಲ. ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ರೋಗಿಗಳ ಜತೆ ಬದುಕಿದ ಫಾದರ್ ಡೇಮಿಯನ್, ಅದೇ ರೋಗ ಅಂಟಿ ತೀರಿಕೊಂಡದ್ದು 1889ರಲ್ಲಿ, ಅಂದರೆ ಮುಲ್ಲರ್ ಈ ಕೆಲಸಕ್ಕೆ ಇಳಿಯುವ ಒಂದು ವರ್ಷ ಮೊದಲು!

ಅಂದಮೇಲೆ ಕಂಕನಾಡಿಯ ಆ ಆಶ್ರಯದಲ್ಲಿ ಗುಣವಾಗುವ ಮಾತೇ ಇರಲಿಲ್ಲ. ಕೊಡಲು ಇದ್ದದ್ದು ಸೂರು, ಊಟ, ಹುಣ್ಣು ತೊಳೆದು ಕಟ್ಟುವ ಬಟ್ಟೆ. ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ. ಸರಕಾರವೂ 1898ರಲ್ಲಿ ಕುಷ್ಠರೋಗಿಗಳ ಕಾಯ್ದೆ ತಂದಿತು, ಆದರೆ ಅದು ಬೀದಿಯಲ್ಲಿ ಭಿಕ್ಷೆ ಬೇಡುವ ರೋಗಿಯನ್ನು ಪೊಲೀಸರು ಹಿಡಿದೊಯ್ಯಬಹುದು ಅನ್ನುವ ಕಾಯ್ದೆ. ಅದು ರದ್ದಾಗಿದ್ದು 2016ರಲ್ಲಿ. ಹೌದು, ತಪ್ಪು ಟೈಪ್ ಮಾಡಿಲ್ಲ, 2016.

ಇದಕ್ಕೆಲ್ಲ ದುಡ್ಡು? ಮುಲ್ಲರ್ ಲೆಕ್ಕದಲ್ಲಿ ಜಾಣರು. ಕಂಕನಾಡಿಯಿಂದ ಅಂಚೆಯಲ್ಲಿ ಔಷಧ ಮಾರುತ್ತಿದ್ದರು, ಬಂದ ಲಾಭ ಬಡವರ ಚಿಕಿತ್ಸೆಗೆ ಹೋಗುತ್ತಿತ್ತು. ನಮ್ಮಂಥ ಮನೆಗಳ ಪೆಟ್ಟಿಗೆಗೆ ಶೀಶೆಗಳು ಬಂದು ಸೇರಿದ್ದೂ ಆ ಅಭ್ಯಾಸದಿಂದಲೇ ಇರಬೇಕು. ಗುಳಿಗೆ ಕೊಂಡವರಿಗೆ ಗುಣ ಆಯಿತೋ ಇಲ್ಲವೋ, ಅವರು ಕೊಟ್ಟ ಕಾಸಿನಲ್ಲಿ ಯಾರದೋ ಹುಣ್ಣಿಗೆ ಬಟ್ಟೆ ಸಿಕ್ಕಿತು. 1902ರಲ್ಲಿ ಪ್ಲೇಗಿನ ರೋಗಿಗಳಿಗೂ ಒಂದು ಆಸ್ಪತ್ರೆ ಕಟ್ಟಿದರು. 1910ರ ನವೆಂಬರ್ 1ರಂದು ತೀರಿಕೊಂಡರು. ನಮಗೆ ಈಗ ಅದು ರಾಜ್ಯೋತ್ಸವ, ಅವರಿಗೆ ಸಕಲ ಸಂತರ ಹಬ್ಬದ ದಿನ.

ಇಷ್ಟೆಲ್ಲ ಓದಿದ ಮೇಲೆ ಅಜ್ಜಿ ಹೇಳಿದ ಒಂದು ಸಂಗತಿ ತಲೆಯಿಂದ ಹೋಗುತ್ತಿಲ್ಲ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಬೆರಳುಗಳು ಹೋಗಿದ್ದ ಒಬ್ಬ ಗಂಡಸು ವಾರಕ್ಕೊಮ್ಮೆ ನಮ್ಮ ಮನೆಯ ತಡಮೆಯ ಹತ್ತಿರ ಬಂದು ನಿಲ್ಲುತ್ತಿದ್ದನಂತೆ. ಅಂಗಳಕ್ಕೆ ಬರುವಂತಿರಲಿಲ್ಲ. ಕಲ್ಲಿನ ಮೇಲೆ ಬಾಳೆಲೆ ಇಟ್ಟು ಗಂಜಿ ಸುರಿದು, ಅಜ್ಜಿ ಹತ್ತು ಹೆಜ್ಜೆ ಹಿಂದೆ ಬಂದ ಮೇಲೇ ಅವನು ಮುಂದೆ ಬರಬೇಕು. ಕೇಳಿದವರಿಗೆಲ್ಲ ಶೀಶೆ ತೆಗೆದು ಗುಳಿಗೆ ಕೊಡುತ್ತಿದ್ದ ನಮ್ಮ ಅಜ್ಜಿಯೇ.

ಒಂದು ಮಳೆಗಾಲ ಅವನು ಬರಲಿಲ್ಲ. ಕಂಕನಾಡಿಗೆ ನಡೆದು ಹೋದ ಅಂತ ಯಾರೋ ಹೇಳಿದರಂತೆ. ಅವನ ಹೆಸರೇನಿತ್ತು ಅಂತ ಕೇಳಿದ್ದೆ.

"ಹೆಸರು ಯಾರು ಕೇಳಿದ್ದಾರೆ ಮಗಾ..." ಅಂದಳು ಅಜ್ಜಿ.